ಎದುರುಮನೆ ಫೋನಿನಲ್ಲಿ ನಮ್ಮತ್ತೆ

ನಮ್ಮೂರಿನಲ್ಲಿ ಫೋನಿನೊಳಗಿನ ಫೋಟೋಗಳಿಗೆ ತೂಕ ಇದೆ. ಒಂದು ಫೋಟೋ ತೆಗೆದರೆ ಎಳ್ಳುಕಾಳಿನಷ್ಟು, ಮಾತು ತುಂಬಿಸಿದರೆ ಕಡಲೆಕಾಳಿನಷ್ಟು, ವಿಡಿಯೋ ಆದರೆ ಹುಣಸೆಬೀಜದಷ್ಟು. ಬಿಡಿಬಿಡಿಯಾಗಿ ನೋಡಿದರೆ ಏನೂ ಇಲ್ಲ. ಆದರೆ ಹನಿಗೂಡಿದರೆ ಹಳ್ಳ ಅನ್ನುವ ಹಾಗೆ ವರ್ಷ ತುಂಬುವ ಹೊತ್ತಿಗೆ ಒಬ್ಬೊಬ್ಬರ ಫೋನೂ ಗುಂಡುಕಲ್ಲಾಗಿರುತ್ತದೆ. ಅದಕ್ಕೇ ನಮ್ಮಲ್ಲಿ ದರ್ಜಿಗಳು ಅಂಗಿಯ ಜೇಬಿಗೆ ಗೋಣಿಯ ಅಸ್ತರು ಕೊಟ್ಟು ಹೊಲಿಯುತ್ತಾರೆ. ಬಸ್ಸಿನಲ್ಲಿ ಕಂಡಕ್ಟರು ಫೋನಿಗೆ ಬೇರೆ ಲಗೇಜು ಟಿಕೇಟು ಹರಿಯುತ್ತಾನೆ. ಹೊಸದಾಗಿ ಮದುವೆಯಾದ ಗಂಡು ಹೆಣ್ಣು ತಮ್ಮ ಫೋನುಗಳನ್ನು ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಬೀಗರ ಮನೆಗೆ ಊಟಕ್ಕೆ ಹೋಗುವುದನ್ನು ನೋಡಬೇಕು ನೀವು.

ಇನ್ನೊಂದು ವಿಷಯ. ನಮ್ಮಲ್ಲಿ ಯಾರಿಗಾದರೂ ಒಂದು ಫೋಟೋ ಕಳಿಸಿದರೆ ಅದು ಹೋದ ಹಾಗೇ. ಪಕ್ಕದ ಮನೆಗೆ ಬಟ್ಟಲಲ್ಲಿ ಸಕ್ಕರೆ ಕೊಟ್ಟರೆ ನಮ್ಮ ಡಬ್ಬಿಯಲ್ಲಿ ಉಳಿಯುತ್ತದೆಯೇ? ಹಾಗೆ. ಆದ್ದರಿಂದ ಬೇಡದ್ದನ್ನು ಬೇರೆಯವರ ತಲೆಗೆ ಕಟ್ಟುವ ಕಲೆಯಲ್ಲಿ ನಮ್ಮೂರವರು ಪಳಗಿದ್ದಾರೆ. ಗುಲಾಬಿ ಹೂವಿನ ಮೇಲೆ ಶುಭೋದಯ ಅಂತ ಬರೆದ ಫೋಟೋ ಇರುತ್ತದಲ್ಲ, ಎಲ್ಲಕ್ಕಿಂತ ಭಾರ ಅದು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಅದನ್ನು ಅವರು ಇವರಿಗೆ ದಾಟಿಸಿ, ಇವರು ಮತ್ತೊಬ್ಬರಿಗೆ ದಾಟಿಸಿ, ಆ ಗುಲಾಬಿ ದಿನಾ ಬೆಳಗ್ಗೆ ಊರು ಸುತ್ತಿಕೊಂಡು ಬರುತ್ತದೆ.

ನಾನು ತುಂಗಮ್ಮ. ಸಂಡಿಗೆ ತುಂಗಮ್ಮನ ಮನೆ ಯಾವುದು ಅಂದರೆ ಪೇಟೆಯಲ್ಲಿ ಯಾರು ಬೇಕಾದರೂ ತೋರಿಸುತ್ತಾರೆ. ನಮ್ಮನೆಯವರಿಗೆ ಮಂಡಿ ಹಿಡಿದುಕೊಂಡು ಕೆಲಸ ಬಿಟ್ಟ ಮೇಲೆ ಈ ಮನೆ ನಡೆಯುತ್ತಿರುವುದೇ ಸಂಡಿಗೆ ಹಪ್ಪಳದ ಮೇಲೆ. ನಮ್ಮದು ಹೆಂಚಿನ ಮನೆ, ತಾರಸಿ ಇಲ್ಲ, ಹಿತ್ತಲಿಗೆ ಬಿಸಿಲು ಬೀಳುವುದಿಲ್ಲ. ಬೇಸಿಗೆ ಬಂತೆಂದರೆ ಬೀದಿಯ ಉದ್ದಕ್ಕೂ ಚಾಪೆ ಹಾಸಿ ಒಣಗಿಸುತ್ತೇನೆ. ಬೀದಿ ಯಾರಪ್ಪನ ಮನೆಯದು? ಎಲ್ಲರದ್ದೂ ತಾನೇ. ನನ್ನ ವಾದ ಅದು. ಎದುರುಮನೆ ಅಶ್ವತ್ಥಯ್ಯನವರ ವಾದವೂ ಅದೇ, ತಿರುಗಿಸಿ ಹೇಳುತ್ತಾರೆ ಅಷ್ಟೇ.

ಅಶ್ವತ್ಥಯ್ಯ ಸರ್ವೇ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಲಿಲ್ಲ, ಒಬ್ಬರೇ ಇದ್ದಾರೆ. ಕೈಯಲ್ಲಿ ಟೇಪು ಇಲ್ಲದಿದ್ದರೆ ಅವರಿಗೆ ಉಂಡ ಅನ್ನ ಅರಗುವುದಿಲ್ಲ. ಕೆಲವು ವರ್ಷದ ಹಿಂದೆ ಅವರ ಸ್ಕೂಟರು ನನ್ನ ಬೂದುಗುಂಬಳದ ಸಂಡಿಗೆಯ ಮೇಲೆ ಜಾರಿ ಬಿತ್ತು. ಚಾಪೆ ಅಡ್ಡ ಬಂತು ಅಂತ ಅವರು, ಚಕ್ರ ಅಡ್ಡ ಬಂತು ಅಂತ ನಾನು. ಅವತ್ತಿನಿಂದ ಮಾತಿಲ್ಲ ಕತೆಯಿಲ್ಲ. ನಾನು ಚಾಪೆ ಹಾಸಿದಾಗಲೆಲ್ಲ ಅವರು ಹೊರಗೆ ಬಂದು, ಚಾಪೆಯ ಪಕ್ಕ ಟೇಪು ಎಳೆದು, ಬೀದಿ ಎಷ್ಟು ಮುಚ್ಚಿಹೋಗಿದೆ ಅಂತ ಸಾಕ್ಷಿಗೆ ಒಂದು ಫೋಟೋ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು.

ಮಾತು ಬಿಟ್ಟಿದ್ದು ನಾನು. ನಮ್ಮತ್ತೆ ಚೆಲುವಮ್ಮ ಬಿಟ್ಟಿರಲಿಲ್ಲ. ಅತ್ತೆಯ ಕೆಲಸ ಕಾಗೆ ಕಾಯುವುದು. ಕಪ್ಪು ಛತ್ರಿ ಬಿಚ್ಚಿಕೊಂಡು, ಉದ್ದನೆಯ ಕೋಲು ಹಿಡಿದುಕೊಂಡು ಜಗಲಿಯ ಮೇಲೆ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಅಶ್ವತ್ಥಯ್ಯ ಟೇಪು ತಂದ ಕೂಡಲೇ ಶುರು ಮಾಡುವರು: ಭೂಮಿ ಅಳೆದು ಸಾಕಾಗಲಿಲ್ಲವೇ, ಈಗ ಸಂಡಿಗೆ ಅಳೆಯುತ್ತೀಯಾ, ತಿಂಡಿ ತಿಂದೆಯಾ ಇಲ್ಲವಾ, ಆ ಅಂಗಿ ಒಗೆದು ಎಷ್ಟು ದಿನವಾಯಿತು. ಬೈಗುಳವೋ ವಿಚಾರಣೆಯೋ ಯಾರಿಗೂ ತಿಳಿಯುತ್ತಿರಲಿಲ್ಲ. ಅವರೂ ತಗ್ಗದೆ ಏನಾದರೂ ಒಂದು ಅಂದುಕೊಂಡೇ ಹೋಗುವರು.

ಅತ್ತೆಗೆ ಒಂದು ಹಟ ಇತ್ತು. ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ. ಯಾರು ಫೋನು ಎತ್ತಿದರೂ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುವರು. ನಾದಿನಿಯ ಮದುವೆಯಲ್ಲೂ ಹಾಗೇ, ಮೊಮ್ಮಗಳ ನಾಮಕರಣದಲ್ಲೂ ಹಾಗೇ. ನಾನೊಮ್ಮೆ ರೇಗಿ, ಇದೇನತ್ತೆ ನಿಮ್ಮ ನಾಟಕ, ಒಂದಾದರೂ ಬೇಡವಾ ನಮಗೆ ಅಂತ ಕೇಳಿದ್ದಕ್ಕೆ, "ಬದುಕಿರೋವಾಗ ನಿಮಗೆ ಭಾರ ಆಗಿದ್ದೀನಲ್ಲ, ಅಷ್ಟು ಸಾಲದಾ? ಸತ್ತ ಮೇಲೂ ನಿಮ್ಮ ಜೇಬಲ್ಲಿ ಕೂತುಕೊಳ್ಳಲಾ?" ಅಂದರು. ಆ ಮಾತು ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಹೋದ ಕಾರ್ತೀಕದಲ್ಲಿ ಅತ್ತೆ ತೀರಿಕೊಂಡರು. ಮಲಗಿದವರು ಏಳಲಿಲ್ಲ, ಪುಣ್ಯದ ಸಾವು. ಹಾರ ಹಾಕೋಣ ಅಂದರೆ ಫೋಟೋ ಇಲ್ಲ. ಊರಿನವರ ಫೋನುಗಳನ್ನೆಲ್ಲ ಜಾಲಾಡಿಸಿದೆವು. ಸಿಕ್ಕಿದ್ದು ಬರೀ ಸೆರಗು. ಸ್ವಲ್ಪ ದಿನ ಕಳೆದ ಮೇಲೆ ನಮ್ಮನೆಯವರು ಊಟದ ನಡುವೆ ಕೈ ನಿಲ್ಲಿಸಿ, ಅಮ್ಮನಿಗೆ ಮೂಗುಬೊಟ್ಟು ಯಾವ ಕಡೆ ಇತ್ತು ಅಂತ ಕೇಳಿದರು. ನಾನು ಬಲಗಡೆ ಅಂದೆ, ಅವರು ಎಡಗಡೆ ಇರಬೇಕು ಅಂದರು. ಇಬ್ಬರಿಗೂ ಖಾತ್ರಿ ಇರಲಿಲ್ಲ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದ ಮುಖ ಕಣ್ಣೆದುರೇ ಮಸಕಾಗುತ್ತಿದೆಯಲ್ಲ ಅಂತ ನನಗೆ ಅವತ್ತು ಅನ್ನ ಇಳಿಯಲಿಲ್ಲ.

ಈಗ ಹಸನು ದಿನದ ವಿಷಯ ಹೇಳಬೇಕು. ಬೇಸಿಗೆ ಕಾಲಿಡುವ ಮುಂಚೆ ನಮ್ಮೂರಿನಲ್ಲಿ ಫೋನುಗಳನ್ನು ಅಕ್ಕಿ ಹಸನು ಮಾಡಿದ ಹಾಗೆ ಹಸನು ಮಾಡುತ್ತೇವೆ. ಬೇಕಾದದ್ದು ಉಳಿಸಿ, ಬೇಡದ್ದು ಕೇರಿ ಬಿಡುವುದು. ಆದರೆ ಹೆತ್ತವರಿಗೆ ಹೆಗ್ಗಣವೂ ಮುದ್ದು. ತನ್ನದನ್ನು ತಾನೇ ಅಳಿಸು ಅಂದರೆ ಯಾರ ಕೈಯೂ ಬಾರದು. ಅದಕ್ಕೇ ಹಿರಿಯರು ಮಾಡಿಟ್ಟ ಪದ್ಧತಿ, ಎದುರುಮನೆಯವರ ಫೋನನ್ನು ನಾವು, ನಮ್ಮದನ್ನು ಅವರು. ಹಗಲು ಹೊತ್ತಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಮಾಡಬೇಕು. ಅಳಿಸಿದ್ದೆಲ್ಲ ಬೂದುಬಣ್ಣದ ಹೊಟ್ಟಾಗಿ ಮೊರಕ್ಕೆ ಉದುರುತ್ತದೆ. ಆ ಹೊಟ್ಟನ್ನು ಮಲ್ಲಿಗೆ ಬುಡಕ್ಕೆ ಹಾಕಿದರೆ ಮಲ್ಲಿಗೆ ಗೊಂಚಲು ಗೊಂಚಲಾಗಿ ಬಿಡುತ್ತದೆ, ಶುಭೋದಯದ ಹೊಟ್ಟಾದರೆ ಇನ್ನೂ ಚೆನ್ನ. ಎದುರುಮನೆ ಏನನ್ನು ಬಿಸಾಡಿತು ಅಂತ ಕೇಳುವ ಹಾಗಿಲ್ಲ. ಏನನ್ನು ಉಳಿಸಿತೋ ಅದನ್ನು ವರ್ಷವಿಡೀ ಹೊರಬೇಕು.

ಕದಿಯುವುದಕ್ಕೂ ಆಗುವುದಿಲ್ಲ. ಸಂಜೆಗೆ ಹಿಟ್ಟಿನ ಗಿರಣಿಯ ಕೊಟ್ರಮ್ಮ ಫೋನನ್ನೂ ಹೊಟ್ಟನ್ನೂ ಒಟ್ಟಿಗೆ ತಕ್ಕಡಿಗಿಟ್ಟು ಬೆಳಗಿನ ತೂಕಕ್ಕೆ ಹೋಲಿಸುತ್ತಾಳೆ. ಕಮ್ಮಿ ಬಂದರೆ ಯಾರೋ ಏನನ್ನೋ ತಮ್ಮ ಫೋನಿಗೆ ಕಳಿಸಿಕೊಂಡಿದ್ದಾರೆ ಅಂತ ಲೆಕ್ಕ. ಒಬ್ಬ ಎದುರುಮನೆಯವರ ಸಮುದ್ರದ ಫೋಟೋ ಲಪಟಾಯಿಸಿ ಸಿಕ್ಕಿಬಿದ್ದ. ಇವತ್ತಿಗೂ ಅವನು ಊರಿಗೆಲ್ಲ ಸಮುದ್ರದ ಸಿದ್ದಪ್ಪ.

ಪ್ರತಿ ವರ್ಷ ಅಶ್ವತ್ಥಯ್ಯನವರ ಫೋನನ್ನು ಹಸನು ಮಾಡುತ್ತಿದ್ದದ್ದು ಅತ್ತೆ. ಈ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು. ಬಂದದ್ದಾದರೂ ಎಂಥಾ ಗಳಿಗೆಯಲ್ಲಿ! ಅಶ್ವತ್ಥಯ್ಯ ಬೀದಿಯ ಪಂಚಾಯ್ತಿಗೆ ದೂರು ಕೊಟ್ಟಿದ್ದರು. ಹಸನು ದಿನದ ಮಾರನೆಯ ಬೆಳಗ್ಗೆ ಕೊಟ್ರಮ್ಮನ ಗಿರಣಿಯಲ್ಲಿ ಪಂಚಾಯ್ತಿ. ಕೊಟ್ರಮ್ಮ ಏನು ಹೇಳಿದರೆ ಅದೇ ಈ ಬೀದಿಗೆ ಕೊನೆ ಮಾತು. ಸಾಕ್ಷಿಯ ಫೋಟೋಗಳಿದ್ದರೆ ನನ್ನ ಚಾಪೆಗಳು ಬೀದಿಯಿಂದ ಎದ್ದ ಹಾಗೇ. ಚಾಪೆ ಎದ್ದರೆ ಒಲೆಯ ಮೇಲೆ ಏನಿಡಲಿ? ಆ ಫೋಟೋಗಳೆಲ್ಲ ಹಿಂದಿನ ದಿನ ನನ್ನ ಕೈಗೇ ಬರುತ್ತವೆ, ಬೆರಳು ಒತ್ತಿದರೆ ಹೊಟ್ಟು. ಕೇಳುವ ಹಾಗೂ ಇಲ್ಲ. ದೇವರು ದೊಡ್ಡವನು ಅಂದುಕೊಂಡು ನಾನು ಆ ದಿನ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಮೊರ ತೊಳೆದಿಟ್ಟೆ.

ಅವರ ಜಗಲಿಯ ಮೇಲೆ ಅವರು, ನಮ್ಮ ಜಗಲಿಯ ಮೇಲೆ ನಾನು. ಮುಖಕ್ಕೆ ಮುಖ, ಮಾತಿಲ್ಲ. ನಾನು ಮೊದಲು ಅವರ ಕರೆಂಟು ಬಿಲ್ಲಿನ ಫೋಟೋಗಳನ್ನು ಕೇರಿದೆ, ಆಮೇಲೆ ಗುಲಾಬಿಗಳನ್ನು. ಅಷ್ಟರಲ್ಲಿ ಆ ಕಡೆಯಿಂದ ನನ್ನದೇ ಧ್ವನಿ ಕೇಳಿಸಿತು. ತಂಗಿಗೆ ಕಳಿಸೋಣ ಅಂತ ಅಶ್ವತ್ಥಯ್ಯನವರನ್ನು ಬೈದು ಫೋನಿಗೆ ತುಂಬಿಸಿಟ್ಟಿದ್ದ ಮಾತುಗಳು! ಅಷ್ಟು ಸೊಗಸಾಗಿ ಬೈದದ್ದನ್ನು ಕಳಿಸಿ ಕಳೆದುಕೊಳ್ಳಲು ಮನಸ್ಸು ಬಾರದೆ ನನ್ನಲ್ಲೇ ಇಟ್ಟುಕೊಂಡಿದ್ದೆ. ಟೇಪಿನಲ್ಲಿ ತನ್ನ ಮೂಗನ್ನೇ ಅಳೆದುಕೊಳ್ಳುವ ಮನುಷ್ಯ ಅಂತ ನಾನು ಅವರ ಧಾಟಿಯಲ್ಲೇ ಅಣಕಿಸಿದ್ದು ಇಡೀ ಬೀದಿಗೆ ಕೇಳುತ್ತಿತ್ತು. ಅವರು ಫೋನನ್ನು ಕಿವಿಗಿಟ್ಟುಕೊಂಡು ಗಂಭೀರವಾಗಿ ಕೇಳುತ್ತಿದ್ದರು, ಹೊಟ್ಟೆ ಮಾತ್ರ ಕುಲುಕುತ್ತಿತ್ತು. ನಾನು ತಲೆ ಬಗ್ಗಿಸಿಕೊಂಡು ಮುಂದಿನ ಫೋಟೋ ತೆರೆದೆ.

ಚಾಪೆ, ಚಾಪೆಯ ಪಕ್ಕ ಟೇಪು. ಅದರ ಹಿಂದೆ, ಜಗಲಿಯ ಮೇಲೆ, ಛತ್ರಿಯ ನೆರಳಿನಲ್ಲಿ ಅತ್ತೆ.

ಸೆರಗು ಮುಖದ ಮೇಲಿರಲಿಲ್ಲ. ಬೀದಿಯ ಆ ತುದಿಯಲ್ಲಿ ಏನನ್ನೋ ನೋಡಿ ನಗುತ್ತಿದ್ದರು. ಮುಂದಿನದನ್ನು ನೋಡಿದೆ, ಅಲ್ಲೂ ಅತ್ತೆ, ಹೂ ಕಟ್ಟುತ್ತಿದ್ದಾರೆ. ಅದರ ಮುಂದಿನದರಲ್ಲಿ ಛತ್ರಿ ಮಡಿಸುತ್ತಿದ್ದಾರೆ. ಒಂದರಲ್ಲಿ ನನ್ನ ತಲೆ ಬಾಚುತ್ತಿದ್ದಾರೆ, ನಾನು ಅವರ ಕಾಲ ಬಳಿ ಕೂತು ಏನೋ ಹರಟುತ್ತಿದ್ದೇನೆ. ನಮ್ಮನೆಯವರು ಮಜ್ಜಿಗೆ ತಂದವರು ಲೋಟ ಹಿಡಿದುಕೊಂಡೇ ಪಕ್ಕದಲ್ಲಿ ಕುಸಿದು ಕೂತರು. ಬೆರಳಿನಿಂದ ಒಂದೊಂದು ಫೋಟೋವನ್ನೂ ದೊಡ್ಡದು ಮಾಡಿ ನೋಡಿ, ಎರಡೂ ಕಡೆ ಇತ್ತು ಕಣೇ ಮೂಗುಬೊಟ್ಟು ಅಂದರು. ಇಬ್ಬರೂ ನಗಲಿಕ್ಕೆ ಹೋಗಿ ಕಣ್ಣೊರೆಸಿಕೊಂಡೆವು.

ನೋಡುತ್ತ ಹೋದ ಹಾಗೆ ನನಗೆ ಇನ್ನೊಂದು ಹೊಳೆಯಿತು. ಅಶ್ವತ್ಥಯ್ಯ ದಿನಾ ಫೋಟೋ ತೆಗೆಯುತ್ತಿದ್ದರು, ಹಳೆಯ ವರ್ಷಗಳದ್ದು ರಾಶಿ ಇರಬೇಕಿತ್ತು. ಆದರೆ ಉಳಿದದ್ದು ಆರಿಸಿಟ್ಟ ಹಾಗೆ ಕೆಲವೇ. ಒಂದರಲ್ಲೂ ಅತ್ತೆ ತೂಕಡಿಸುತ್ತಿಲ್ಲ, ಒಂದರಲ್ಲೂ ಕೂದಲು ಕೆದರಿಲ್ಲ, ಒಂದರಲ್ಲೂ ಹರಕು ಸೀರೆಯಿಲ್ಲ. ಪ್ರತಿ ವರ್ಷ ಈ ಫೋನು ಅತ್ತೆಯ ತೊಡೆಯ ಮೇಲೆ ಬರುತ್ತಿತ್ತಲ್ಲ! ನಾವು ಎತ್ತಿದ ಫೋನಿಗೆಲ್ಲ ಸೆರಗು ಮುಚ್ಚಿಕೊಂಡ ಮುದುಕಿ, ಎದುರುಮನೆಯವರ ಫೋನಿನಲ್ಲಿ ತಾನು ಚೆನ್ನಾಗಿ ಕಂಡದ್ದನ್ನೆಲ್ಲ ಹುಷಾರಾಗಿ ಉಳಿಸಿ, ಮಿಕ್ಕದ್ದನ್ನು ಮಲ್ಲಿಗೆ ಬುಡಕ್ಕೆ ಹಾಕಿದ್ದರು. ಮಗ ಸೊಸೆಗೆ ಭಾರ ಬೇಡ, ಅಶ್ವತ್ಥಯ್ಯ ಹೊತ್ತುಕೊಳ್ಳಲಿ ಅಂತ! ಸೊಸೆಯ ಮೇಲಿನ ಸಾಕ್ಷಿಯನ್ನು ಅತ್ತೆಯೇ ಜೋಪಾನ ಮಾಡಿಟ್ಟಿದ್ದರು ಅಂದರೆ ಯಾರಾದರೂ ನಂಬುತ್ತಾರಾ?

ಕೊನೆಯಲ್ಲಿ ಹೋದ ಬೇಸಿಗೆಯ ಫೋಟೋಗಳು. ಅವು ಅತ್ತೆಯ ಕೈಗೆ ಸಿಕ್ಕಿರಲಿಲ್ಲ, ಎಲ್ಲ ಇದ್ದ ಹಾಗೇ ಇದ್ದವು. ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುವ ಅತ್ತೆ. ಕೋಲಿನಿಂದ ಬೆನ್ನು ಕೆರೆದುಕೊಳ್ಳುವ ಅತ್ತೆ. ಒಂದರಲ್ಲಿ ಪಕ್ಕದಲ್ಲೇ ಕಾಗೆ ಕೂತಿದೆ, ಅತ್ತೆ ಅದಕ್ಕೆ ಚಾಪೆಯಿಂದ ಸಂಡಿಗೆ ಎತ್ತಿ ಕೊಡುತ್ತಿದ್ದಾರೆ, ಮುಂದಿನದರಲ್ಲಿ ಎರಡು ಕಾಗೆ. ಅಯ್ಯೋ ನನ್ನ ಶಿವನೇ! ಕಾಗೆ ತಿಂದಿತು ಅಂತ ದಿನಾ ಎರಡು ಹಿಡಿ ಹೆಚ್ಚಿಗೆ ಹಾಕುತ್ತಿದ್ದವಳು ನಾನು. ಮತ್ತೊಂದರಲ್ಲಿ ಅತ್ತೆ ಹಲ್ಲುಸೆಟ್ಟು ತೆಗೆದಿಟ್ಟು, ಬೊಚ್ಚುಬಾಯಿ ಅಗಲ ಮಾಡಿ, ಕೋಲು ಎತ್ತಿ, ನೇರವಾಗಿ ಕ್ಯಾಮೆರಾವನ್ನೇ ಗದರಿಸುತ್ತಿದ್ದಾರೆ. ಅವರು ಕಂಡಿದ್ದರೆ ಅದೇ ಮೊದಲು ಹೊಟ್ಟಾಗುತ್ತಿತ್ತು. ನನಗೋ ಅತ್ತೆಯೇ ಎದ್ದು ಬಂದ ಹಾಗಾಯಿತು. ಮಿಕ್ಕ ಎಲ್ಲದರಲ್ಲೂ ಅತ್ತೆಯ ಮುಖ ಅತ್ತಿತ್ತ ತಿರುಗಿತ್ತು, ಮುಖ ತುಂಬ ಕಂಡದ್ದು ಅದೊಂದರಲ್ಲೇ. ಗೋಡೆಗೆ ಹಾಕುವುದಾದರೆ ಇದನ್ನೇ ಅಂದುಕೊಂಡೆ.

ಆದರೆ ಆ ಹೋದ ಬೇಸಿಗೆಯ ಫೋಟೋಗಳಲ್ಲೇ ಟೇಪು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು, ಅಂಗುಲ ಅಂಗುಲವೂ ಓದುವ ಹಾಗೆ. ಬೀದಿಯಲ್ಲಿ ಒಂದು ಆಳು ನಡೆಯುವಷ್ಟೂ ಜಾಗ ಬಿಟ್ಟಿರಲಿಲ್ಲ ನಾನು. ನೋಡಿ ನನಗೇ ನಾಚಿಕೆಯಾಯಿತು. ಅಳಿಸಿದರೆ ನನ್ನ ಒಲೆ ಉರಿಯುತ್ತದೆ, ಅತ್ತೆ ಹೊಟ್ಟಾಗುತ್ತಾರೆ. ಉಳಿಸಿದರೆ ಅತ್ತೆ ಉಳಿಯುತ್ತಾರೆ, ಅದೂ ಎದುರುಮನೆಯವರ ಜೇಬಿನಲ್ಲಿ, ಒಲೆ ಆರುತ್ತದೆ. ಕಳಿಸಿಕೊಳ್ಳೋಣವೆಂದರೆ ಕೊಟ್ರಮ್ಮನ ತಕ್ಕಡಿ. ನಾಳೆ ಬಾಯಿ ಬಾಯಿ ಬಡಿದಾಡಬೇಕಾದವರ ಹತ್ತಿರ ಇವತ್ತು ಹೋಗಿ ಸೆರಗೊಡ್ಡುವುದೇ? ಬೆರಳು ಆ ಬೊಚ್ಚುಬಾಯಿಯ ಮೇಲೆ ಬಂದು ನಿಂತಿತು. ನಮ್ಮನೆಯವರ ಮುಖ ನೋಡಿದೆ. ಅವರಿಗೂ ಎಲ್ಲ ಗೊತ್ತು, ಮಜ್ಜಿಗೆ ಕುಡಿಯದೆ ಲೋಟ ಕೆಳಗಿಟ್ಟರು.

"ಬಿಡು ತುಂಗಾ. ಸಂಡಿಗೆ ನಾಳೆನೂ ಇಡಬಹುದು. ಅಮ್ಮನ್ನ ಎಲ್ಲಿಂದ ತರ್ತೀಯ?"

ಬಿಟ್ಟೆ. ಒಂದನ್ನೂ ಅಳಿಸಲಿಲ್ಲ, ಬೆನ್ನು ಕೆರೆದುಕೊಳ್ಳುವುದನ್ನೂ. ಸಂಜೆ ಗಿರಣಿಯಲ್ಲಿ ತೂಕ ಸರಿಹೋಯಿತು. ನನ್ನ ಫೋನು ವಾಪಸು ಕೈಗೆ ಬಂದಾಗ ನೋಡುತ್ತೇನೆ, ನಮ್ಮ ತಂಗಿ ಮಗನ ಮದುವೆಯ ವಿಡಿಯೋಗಳೆಲ್ಲ ಹೋಗಿದ್ದವು, ಬೈಗುಳ ಮಾತ್ರ ಒಂದು ಚೂರೂ ಬಿಡದೆ ಇದ್ದವು. ವರ್ಷವಿಡೀ ನಾನೇ ಬೈದದ್ದನ್ನು ನಾನೇ ಹೊರಬೇಕು. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನಾದೆ.

ಮಾರನೆಯ ದಿನ ಪಂಚಾಯ್ತಿಗೆ ಬೀದಿಗೆ ಬೀದಿಯೇ ಸೇರಿತ್ತು. ಅಶ್ವತ್ಥಯ್ಯ ಫೋನನ್ನು ಕೊಟ್ರಮ್ಮನ ಮುಂದಿಟ್ಟು ಬದಿಗೆ ನಿಂತರು. ಕೊಟ್ರಮ್ಮ ಕನ್ನಡಕ ಏರಿಸಿಕೊಂಡು ಒಂದೊಂದಾಗಿ ನೋಡಿದಳು. ಮೊದಲ ಎರಡು ಫೋಟೋದಲ್ಲಿ ಟೇಪು ನೋಡಿದಳೇನೋ. ಮೂರನೆಯದರ ಹೊತ್ತಿಗೆ, ಅಯ್ಯ ನಮ್ಮ ಚೆಲುವಕ್ಕ ಅಂದಳು. ಅಷ್ಟೇ ಸಾಕಾಯಿತು. ಎಲ್ಲರೂ ತಕ್ಕಡಿಯ ಸುತ್ತ ಮುಗಿಬಿದ್ದರು. ಕಾಗೆಯ ಫೋಟೋ ಬಂದಾಗ ಎದ್ದ ನಗುವಿಗೆ ಗಿರಣಿಯ ಹಿಟ್ಟು ಧೂಳೆದ್ದಿತು. ಚೆಲುವಕ್ಕ ನನಗೆ ದಿನಾ ಹೀಗೆ ಹೇಳುತ್ತಿದ್ದಳು, ಹಾಗೆ ಬೈಯುತ್ತಿದ್ದಳು ಅಂತ ಒಬ್ಬೊಬ್ಬರೂ ಶುರು ಮಾಡಿ ಬಂದ ಕೆಲಸವೇ ಮರೆತುಹೋಯಿತು.

ಕೊಟ್ರಮ್ಮ ಮರೆಯಲಿಲ್ಲ. ನ್ಯಾಯ ನ್ಯಾಯವೇ. ಟೇಪನ್ನು ತೋರಿಸಿ, ಇದೇನಮ್ಮ ತುಂಗಮ್ಮ, ಹೆಣ ಸಾಗಿಸುವುದಕ್ಕೂ ದಾರಿ ಬಿಟ್ಟಿಲ್ಲವಲ್ಲ ಅಂತ ಕೇಳಿದಳು. ಬೀದಿಯ ಅರ್ಧ ಸಂಡಿಗೆಗೆ, ಅರ್ಧ ಓಡಾಡುವವರಿಗೆ ಅಂತ ತೀರ್ಮಾನವಾಯಿತು. ಅಶ್ವತ್ಥಯ್ಯ ಟೇಪು ಹಿಡಿದು, ಮಂಡಿಯೂರಿ ಕೂತು, ಬೀದಿಯ ನಟ್ಟನಡುವೆ ಸೀಮೆಸುಣ್ಣದ ಗೆರೆ ಎಳೆದರು. ಕೂದಲೆಳೆಯಷ್ಟೂ ಆಚೀಚೆ ಹೋಗಿರಲಿಲ್ಲ. ಅರ್ಧ ಚಾಪೆ ಅಂದರೆ ಅರ್ಧ ಸಂಪಾದನೆ. ಬೆಳಗ್ಗೆ ಒಂದು ಸಲ ಹಾಕಿ ತೆಗೆದು ಮಧ್ಯಾಹ್ನ ಇನ್ನೊಂದು ಸಲ ಹಾಕಬೇಕು, ಸೊಂಟ ಬಿದ್ದುಹೋಗುತ್ತದೆ. ಹೋಗಲಿ, ನಮ್ಮೂರಿನಲ್ಲಿ ಬಿಸಿಲಿಗೇನು ಬರವೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಧ್ಯಾಹ್ನ ಊಟ ಮುಗಿಸಿ ಜಗಲಿಗೆ ಬಂದರೆ ಅಶ್ವತ್ಥಯ್ಯ ಗೆರೆ ದಾಟಿ ಬರುತ್ತಿದ್ದರು. ಒಗೆದ ಅಂಗಿ ಹಾಕಿದ್ದರು. ಮೆಟ್ಟಿಲ ಕೆಳಗೆ ನಿಂತು ಒಂದು ಸಲ ಕೆಮ್ಮಿದರು.

"ನೀವು ಅಳಿಸೇ ಅಳಿಸ್ತೀರಿ ಅಂದುಕೊಂಡಿದ್ದೆ ತುಂಗಮ್ಮ. ನಾನಾಗಿದ್ರೆ ಅಳಿಸ್ತಿದ್ದೆ. ಯಾಕೆ ಬಿಟ್ಟಿರಿ?"

"ನಮ್ಮತ್ತೆ ಬೇರೆಲ್ಲೂ ಇಲ್ಲ ಅಶ್ವತ್ಥಯ್ಯನೋರೇ. ನಿಮ್ಮ ಫೋನಲ್ಲೇ ಇರೋದು."

ಅವರು ಟೇಪಿನ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟರು. ಆಮೇಲೆ ಜಗಲಿಯ ಅಂಚಿಗೆ ಕೂತು, ನಿಮ್ಮ ಫೋನು ಹೊರಗೆ ತನ್ನಿ ಅಂದರು. ತಂದೆ. ಅವರು ಒಂದೊಂದಾಗಿ ಕಳಿಸತೊಡಗಿದರು. ಹೂ ಕಟ್ಟುವ ಅತ್ತೆ ಬಂದರು, ಛತ್ರಿ ಮಡಿಸುವ ಅತ್ತೆ ಬಂದರು, ನನ್ನ ತಲೆ ಬಾಚುವ ಅತ್ತೆ ಬಂದರು. ಒಂದೊಂದು ಬಂದ ಹಾಗೂ ಫೋನು ಕೈಯಲ್ಲಿ ಜಗ್ಗುತ್ತಿತ್ತು. ಒಂದು ಕೈ ಸಾಲದೆ ಎರಡೂ ಕೈ ಹಿಡಿದೆ, ಆಮೇಲೆ ತೊಡೆಯ ಮೇಲೆ ಇಟ್ಟುಕೊಂಡೆ. ಅಷ್ಟು ಸಂತೋಷದಿಂದ ನಾನು ಯಾವ ಭಾರವನ್ನೂ ಹೊತ್ತಿರಲಿಲ್ಲ. ನಮ್ಮನೆಯವರು ಬಾಗಿಲಲ್ಲಿ ನಿಂತು, ಇನ್ನೊಂದು, ಇನ್ನೊಂದು ಅಂತ ಎಣಿಸುವವರ ಹಾಗೆ ತಲೆಯಾಡಿಸುತ್ತಿದ್ದರು.

ಒಂದು ಉಳಿಯಿತು. ಅಶ್ವತ್ಥಯ್ಯನವರ ಹೆಬ್ಬೆರಳು ಅದರ ಮೇಲೆ ನಿಂತಿತು. ಬಗ್ಗಿ ನೋಡಿದೆ. ಬೊಚ್ಚುಬಾಯಿ ಅಗಲ ಮಾಡಿ ಕೋಲು ಎತ್ತಿದ್ದು, ನಾನು ಗೋಡೆಗೆ ಅಂತ ಮನಸ್ಸಿನಲ್ಲೇ ಆರಿಸಿಟ್ಟುಕೊಂಡಿದ್ದು.

ಅವರು ಮುಖ ಎತ್ತಲಿಲ್ಲ. "ಇದೊಂದನ್ನ ನನಗೆ ಬಿಡ್ತೀರಾ? ತಿಂಡಿ ತಿಂದೆಯಾ ಅಂತ ಈಗ ಯಾರೂ ಕೇಳಲ್ಲ."

ಇಲ್ಲ, ಅದೇ ಬೇಕು ನಮಗೆ ಅಂತ ಹೇಳಲು ಬಾಯಿ ತೆರೆದವಳು ಇನ್ನೊಂದು ಸಲ ಆ ಫೋಟೋ ನೋಡಿದೆ. ಎತ್ತಿದ ಕೋಲು, ಅರ್ಧ ಗದರಿಕೆ, ಅರ್ಧ ನಗು, ಕಣ್ಣು ತುಂಬ ಅಕ್ಕರೆ.

"ಇಟ್ಕೊಳ್ಳಿ," ಅಂದೆ. "ಅದರಲ್ಲಿ ಅವರು ನೋಡ್ತಿರೋದು ನಿಮ್ಮನ್ನ."

ಅವರು ಫೋನನ್ನು ಜೇಬಿಗೆ ಇಳಿಸಿ, ಜೇಬಿನ ಗುಂಡಿ ಹಾಕಿಕೊಂಡು, ನಿಧಾನವಾಗಿ ಬೀದಿ ದಾಟಿ ಮನೆಗೆ ಹೋದರು.